ಸಹಾಯ ಬೇಕು: ಧೂಳು ಕವಿದ ಗೆಲಾಕ್ಸಿಯ ಅವಗೆಂಪು ರೋಹಿತ

ಮಾನ್ಯರೇ, ದಾವಣಗೆರೆಯಲ್ಲಿ ಭೌತಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿಯಾದ ನಾನು, ಸುಮಾರು 1.3 ಕೋಟಿ ಜ್ಯೋತಿರ್ವರ್ಷ ದೂರದ ಸರ್ಸಿನಸ್ ಗೆಲಾಕ್ಸಿಯ ಕುರಿತು ಸೆಮಿನಾರ್ ಸಿದ್ಧಪಡಿಸುತ್ತಿದ್ದೇನೆ. ಅದರ ಕಪ್ಪುಕುಳಿಯ ಸುತ್ತಲಿನ ಧೂಳು ಗೋಚರ ಬೆಳಕನ್ನು ನುಂಗಿ, ಕಾದು, ಆ ಶಕ್ತಿಯನ್ನು ಅವಗೆಂಪಿನಲ್ಲಿ, ಅಂದರೆ ಕಣ್ಣಿಗೆ ಕಾಣದ ಶಾಖದ ಬೆಳಕಿನಲ್ಲಿ, ಹೊರಸೂಸುತ್ತದೆ. ಆದರೆ ಹೊಸದಾಗಿ ಹುಟ್ಟಿದ ನಕ್ಷತ್ರಗಳೂ ಧೂಳನ್ನು ಕಾಯಿಸುವುದರಿಂದ ರೋಹಿತದಲ್ಲಿ (ತರಂಗಾಂತರವಾರು ಬಿಡಿಸಿದ ಬೆಳಕಿನಲ್ಲಿ) ಕಪ್ಪುಕುಳಿಯ ಪಾಲನ್ನೂ ನಕ್ಷತ್ರಗಳ ಪಾಲನ್ನೂ ಬೇರ್ಪಡಿಸುವುದೇ ತೊಡಕಾಗಿದೆ. ನಾಲ್ಕು ಎಲೆಕ್ಟ್ರಾನ್ ಕಳೆದುಕೊಂಡ ನಿಯಾನ್‌ನ 14.3 ಮೈಕ್ರೊಮೀಟರ್ ರೇಖೆ ಕಾಣಲು, ಆ ಎಲೆಕ್ಟ್ರಾನ್‌ಗಳಲ್ಲಿ ಕೊನೆಯದನ್ನು ಕಿತ್ತುಹಾಕುವ 97 ಎಲೆಕ್ಟ್ರಾನ್ ವೋಲ್ಟ್‌ನಷ್ಟು ಶಕ್ತಿ ಬೇಕು, ಸಾಮಾನ್ಯ ನಕ್ಷತ್ರಗಳಿಗೆ ಅದು ಎಟುಕದು, ಆದ್ದರಿಂದ ಅದನ್ನು ಕಪ್ಪುಕುಳಿಯ ಗುರುತೆಂದು ಹಿಡಿದಿದ್ದೇನೆ. ಹಾಗೆಯೇ 11.3 ಮೈಕ್ರೊಮೀಟರ್‌ನ ಹೈಡ್ರೋಕಾರ್ಬನ್ (ಇಂಗಾಲ-ಜಲಜನಕದ ಅಣುಗಳ) ಉಬ್ಬನ್ನು ಪೂರ್ತಿಯಾಗಿ ನಕ್ಷತ್ರಗಳ ಲೆಕ್ಕಕ್ಕೆ ಹಾಕಬಹುದೇ? ಪಕ್ಕದಲ್ಲೇ, 9.7ರಲ್ಲಿ, ಸಿಲಿಕೇಟ್ ಧೂಳಿನ ಆಳವಾದ ತಗ್ಗು ಇರುವುದರಿಂದ ಉಬ್ಬನ್ನು ಅಳೆಯುವ ತಳಮಟ್ಟವಾದ ಆಧಾರರೇಖೆಯನ್ನು ಎಲ್ಲಿಂದ ಎಳೆಯಬೇಕೆಂದು ತೋಚುತ್ತಿಲ್ಲ. ಇಂತಹ ರೋಹಿತಗಳನ್ನು ವಿಶ್ಲೇಷಿಸಿದವರು ದಾವಣಗೆರೆ ಅಥವಾ ಚಿತ್ರದುರ್ಗದಲ್ಲಿದ್ದರೆ ದಯವಿಟ್ಟು ತಿಳಿಸಿ, ಭಾನುವಾರ ನಾನೇ ಬಂದು ಕಾಣುತ್ತೇನೆ.