ಸಹಾಯ ಬೇಕು: ಎರಡು ವರ್ಷದ ಮಗುವಿಗೆ ಕುಂಬಳಕಾಯಿ ಹೊಲ ತೋರಿಸಬೇಕು

ಎಲ್ಲರಿಗೂ ನಮಸ್ಕಾರ. ನಾವು ದಾವಣಗೆರೆಯವರು. ಮಗಳಿಗೆ ಈಗ ಎರಡು ವರ್ಷ. ಮನೆಗೆ ಸಿಹಿಗುಂಬಳ ತಂದರೆ ಸಾಕು, ತಬ್ಬಿಕೊಂಡು ಕೂತುಬಿಡುತ್ತಾಳೆ, ಹೆಚ್ಚೋಕೆ ಬಿಡುವುದಿಲ್ಲ. ಬಳ್ಳಿಯಲ್ಲಿ ಕಾಯಿ ಬಿಟ್ಟಿರುವುದನ್ನು ಒಮ್ಮೆ ತೋರಿಸಬೇಕು ಅಂತ ಆಸೆ. ನಮ್ಮ ಅತ್ತೆಯೂ ಬರುತ್ತಾರೆ, ಬುತ್ತಿ ಕಟ್ಟಿಕೊಂಡು ಹೋಗೋಣ ಎಂದಿದ್ದಾರೆ.

ಹೋದ ಭಾನುವಾರ ಹರಿಹರದ ಕಡೆ ಒಂದು ಹೊಲಕ್ಕೆ ಹೋಗಿದ್ದೆವು. ಬದು ಹತ್ತುವಾಗಲೇ ಔಷಧಿ ವಾಸನೆ. "ಬೆಳಿಗ್ಗೆಯಷ್ಟೇ ಹೊಡೆದಿದ್ದೇವೆ, ಮಗುನ ಕೆಳಗೆ ಇಳಿಸಬೇಡಿ ಅಕ್ಕಾ" ಎಂದು ಹೊಲದವರೇ ಹೇಳಿದರು. ಪುಣ್ಯಕ್ಕೆ ಹೇಳಿದರು. ವಾಪಸ್ ಬರುವಾಗ ದಾರಿಯುದ್ದಕ್ಕೂ ಮಗಳು "ಕುಂಬಾ, ಕುಂಬಾ" ಅಂತ ಅತ್ತಳು. ನನಗೂ ಕಣ್ಣು ತುಂಬಿತು.

ಮಾರ್ಕೆಟ್ಟಿನಲ್ಲಿ ತರಕಾರಿಯವರನ್ನು ಕೇಳಿದೆ, ಲೋಡ್ ಎಲ್ಲಿಂದ ಬರುತ್ತದೋ ಅವರಿಗೂ ಗೊತ್ತಿಲ್ಲ. ಚನ್ನಗಿರಿಯಲ್ಲಿ ನೆಂಟರಿದ್ದಾರೆ, ಆದರೆ ಅವರದ್ದು ಪೂರ್ತಿ ಅಡಿಕೆ ತೋಟ.

ಯಾವ ಹೊತ್ತಿಗೆ ಹೋಗಬೇಕು ಅನ್ನೋದೂ ತಿಳಿಯುತ್ತಿಲ್ಲ. ಕುಂಬಳದ ಹೂವು ಬೆಳಿಗ್ಗೆ ಅರಳಿ ಮಧ್ಯಾಹ್ನದೊಳಗೆ ಮುಚ್ಚಿಕೊಳ್ಳುತ್ತದೆ. ಹೂವು ತೋರಿಸಬೇಕೆಂದರೆ ಬೆಳಿಗ್ಗೆಯೇ ಹೋಗಬೇಕು. ಆದರೆ ಜೇನುಹುಳ ಬರುವುದೂ ಆಗಲೇ ಅಲ್ವಾ? ಎಲೆ, ಬಳ್ಳಿಯ ತುಂಬ ಚುಚ್ಚುವ ಸಣ್ಣ ರೋಮ ಬೇರೆ. ಮಗುವಿನ ಚರ್ಮ ತುಂಬಾ ಮೆತ್ತಗೆ.

ಕುಂಬಳ ಬೆಳೆದಿರುವ ರೈತರು ಇಲ್ಲಿದ್ದರೆ ದಯವಿಟ್ಟು ಹೇಳಿ. ದಾವಣಗೆರೆಯಿಂದ ಒಂದು ಗಂಟೆಯೊಳಗೆ ಹೋಗಿಬರುವ ಹಾಗೆ, ಅರ್ಧ ಗಂಟೆ ನೋಡೋಕೆ ಬಿಡುವ ಹೊಲ ಎಲ್ಲಿದೆ? ಕಾಯಿಯನ್ನು ದುಡ್ಡು ಕೊಟ್ಟೇ ತರುತ್ತೇವೆ. ಔಷಧಿ ಹೊಡೆದ ಮೇಲೆ ಎಷ್ಟು ದಿನ ಬಿಟ್ಟು ಮಗುವನ್ನು ಕರೆದುಕೊಂಡು ಬರಬಹುದು?