ಮೇಕಪ್ ಹಾಕಿ ಬಣ್ಣ ಬದಲಿಸಿದ ಶೋ ನೋಡಿ ಯಾರ ಬುದ್ಧಿಯಾದ್ರೂ ಬದಲಾಗುತ್ತಾ?

ತುಂಗೆ_ದಡ, ಶಿವಮೊಗ್ಗ
ಡಿಗ್ರಿ ಮಕ್ಕಳಿಗೆ ಸಮಾಜಶಾಸ್ತ್ರ ಪಾಠ ಮಾಡ್ತೇನೆ. 2006ರಲ್ಲಿ ಅಮೆರಿಕದ ಎಫ್‌ಎಕ್ಸ್ ಚಾನೆಲ್‌ನಲ್ಲಿ 'ಬ್ಲ್ಯಾಕ್. ವೈಟ್.' ಅಂತ ರಿಯಾಲಿಟಿ ಶೋ ಬಂದಿತ್ತು. ಒಂದು ಕಪ್ಪು ಕುಟುಂಬ, ಒಂದು ಬಿಳಿ ಕುಟುಂಬ, ಇಬ್ಬರೂ ಲಾಸ್ ಏಂಜಲೀಸ್‌ನ ಒಂದೇ ಮನೆಯಲ್ಲಿ ಇರಬೇಕು, ಗಂಟೆಗಟ್ಟಲೆ ಕೂತು ಮೇಕಪ್ ಹಾಕಿಸಿಕೊಂಡು ಇವರು ಅವರಾಗಿ, ಅವರು ಇವರಾಗಿ ಊರೊಳಗೆ ಓಡಾಡಬೇಕು. ಕೆಲವು ತುಣುಕು ಕ್ಲಾಸಲ್ಲಿ ತೋರಿಸಿದೆ. 'ಅಮೆರಿಕದವರು ಎಷ್ಟು ಕೆಟ್ಟವರು ಮೇಡಂ' ಅಂದರು. ಅದೇ ಹುಡುಗರು ಸಂಜೆ ಗೋಪಿ ಸರ್ಕಲ್ ಹತ್ತಿರ ಮೋಮೊ ಮಾರುವವನನ್ನ 'ಏ ಚೈನಾ, ಚಟ್ನಿ ಜಾಸ್ತಿ ಹಾಕೋ' ಅಂತ ಕೂಗ್ತಾರೆ. ಅವನು ಡಾರ್ಜಿಲಿಂಗ್ ಕಡೆಯವನು. ಎನ್ನೆಸ್ಸೆಸ್ ಕ್ಯಾಂಪಲ್ಲಿ ನಾವೇ ಇಂಥ ಅದಲು ಬದಲು ಮಾಡಿಸಿದ್ರೆ ಹೇಗೆ?

ಜೋಗ್_ರೋಡ್
ಮುಖಕ್ಕೆ ಬಣ್ಣ ಬಳಿಯೋದು ಮಾತ್ರ ಬೇಡ ಮೇಡಂ, ಸ್ಕೂಲ್ ಡೇ ಕಾಮಿಡಿ ಆಗಿಬಿಡುತ್ತೆ. ಮೇಕಪ್ ಇಲ್ಲದೇ ಮಾಡಿದವರೂ ಇದ್ದಾರೆ. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ಮರುದಿನ, ಅಯೋವಾದ ರೈಸ್‌ವಿಲ್ ಅನ್ನೋ ಊರಲ್ಲಿ ಜೇನ್ ಎಲಿಯಟ್ ಟೀಚರ್ ಮೂರನೇ ಕ್ಲಾಸಿನ ಮಕ್ಕಳನ್ನ ಕಣ್ಣಿನ ಬಣ್ಣ ನೋಡಿ ಎರಡು ಗುಂಪು ಮಾಡಿದ್ರು. ಮೊದಲು ಒಂದು ಗುಂಪು ಮೇಲು, ಆಮೇಲೆ ಉಲ್ಟಾ. ಮೇಲಿನವರು ತಮ್ಮ ಗೆಳೆಯರನ್ನೇ ಹಂಗಿಸೋಕೆ ಶುರು ಮಾಡಿದ್ರು, ಕೀಳು ಅನ್ನಿಸಿಕೊಂಡವರು ಅವತ್ತು ಪಾಠದಲ್ಲೂ ಮುಗ್ಗರಿಸಿದ್ರು. ಅಷ್ಟು ಚಿಕ್ಕ ಮಕ್ಕಳ ಮೇಲೆ ಹೀಗೆ ಮಾಡಬಹುದಾ ಅನ್ನೋ ಜಗಳ ಇನ್ನೂ ನಿಂತಿಲ್ಲ. ನೀವು ಮಾಡಿದ್ರೆ ಮಾರನೇ ದಿನ ಅಪ್ಪ ಅಮ್ಮಂದಿರು ಪ್ರಿನ್ಸಿಪಾಲ್ ರೂಮಲ್ಲಿ ಇರ್ತಾರೆ.

ಕೊನೆಕೊಯ್ಲು, ತೀರ್ಥಹಳ್ಳಿ
ಆ ಶೋ ನೋಡಿದ್ದೇನೆ. ಅದರಲ್ಲಿ ಬಿಳಿ ಅಪ್ಪ ಕಪ್ಪಾಗಿ ತಿರುಗಾಡಿ ಬಂದು 'ನನ್ನನ್ನ ಯಾರೂ ಕೆಟ್ಟದಾಗಿ ನೋಡಲಿಲ್ಲ, ಹುಡುಕಿದವರಿಗೆ ಮಾತ್ರ ಕಾಣೋದು' ಅನ್ನೋ ಥರವೇ ವಾದ ಮಾಡ್ತಾನೆ. ಮುಖ ಬದಲಾಯ್ತು, ಅಷ್ಟೇ. ಕಪ್ಪು ಅಪ್ಪ ಬಿಳಿಯನಾಗಿ ಚಪ್ಪಲಿ ಅಂಗಡಿಗೆ ಹೋದಾಗ ಅಂಗಡಿಯವನೇ ಅವನ ಕಾಲಿಗೆ ಶೂ ತೊಡಿಸ್ತಾನೆ, ಅವನಿಗೆ ಆಶ್ಚರ್ಯ. ಬೈಗುಳ ಇಲ್ಲ, ಗಲಾಟೆ ಇಲ್ಲ. ನನಗೆ ಇಡೀ ಶೋನಲ್ಲಿ ಅದೊಂದೇ ಸಾಕು.

ನಮ್ಮೂರಲ್ಲಿ ಅಡಿಕೆ ಕೆಲಸಕ್ಕೆ ಅಸ್ಸಾಮಿನವರು ಬರ್ತಾರೆ. ಊರಿನ ಆಳಿಗೆ ಜಗಲಿಯಲ್ಲಿ ಸ್ಟೀಲ್ ಲೋಟದಲ್ಲಿ ಚಾ, ಅವರಿಗೆ ಅಂಗಳದಲ್ಲಿ ಪೇಪರ್ ಕಪ್ಪು. ಕೇಳಿದ್ರೆ ಲೋಟ ತೊಳೆಯೋ ಕಷ್ಟ ಅಂತಾರೆ. ಉಳಿದವರ ಲೋಟ ತಾನಾಗೇ ತೊಳೆದುಕೊಳ್ಳುತ್ತೇನೋ!

ಕೊಪ್ಪದ_ಮಳೆ
2007ರ ಬ್ರಿಟನ್ನಿನ ಸೆಲೆಬ್ರಿಟಿ ಬಿಗ್ ಬ್ರದರ್ ನೆನಪಿದೆಯಾ? ಮಂಗಳೂರಲ್ಲಿ ಹುಟ್ಟಿದ ಶಿಲ್ಪಾ ಶೆಟ್ಟಿಗೆ ಅದೇ ಶೋನಲ್ಲಿದ್ದ ಜೇಡ್ ಗೂಡಿ ಮತ್ತವಳ ಜೊತೆಯವರು ಆಡಿದ ಜನಾಂಗ ನಿಂದನೆಯ ಮಾತಿಗೆ 40 ಸಾವಿರಕ್ಕೂ ಜಾಸ್ತಿ ದೂರು ಹೋದವು, ಕೊನೆಗೆ ಶಿಲ್ಪಾನೇ ಗೆದ್ದರು. ಅದು ಪ್ರಯೋಗ ಅಂತ ಮಾಡಿದ್ದಲ್ಲ, ಸುಮ್ನೆ ಕ್ಯಾಮೆರಾ ಓಡ್ತಿತ್ತು. ನಮ್ಮಲ್ಲೂ ಎಲ್ಲರಿಗೂ ಸಿಟ್ಟು ಬಂತು. ಆ ಸುದ್ದಿ ಮಧ್ಯೆ ಬ್ರೇಕಲ್ಲಿ ಫೇರ್‌ನೆಸ್ ಕ್ರೀಮ್ ಜಾಹೀರಾತು, ಅದರ ಮೇಲೆ ಯಾರಿಗೂ ಸಿಟ್ಟಿಲ್ಲ.

ಯಲ್ಲಾಪುರದ_ಹುಡುಗಿ
ನಾನು ಸಿದ್ದಿ. ನಮ್ಮ ಹಿರಿಯರು ಆಫ್ರಿಕಾದಿಂದ ಬಂದು ನೂರಾರು ವರ್ಷ ಆಯ್ತು. 2003ರಲ್ಲಿ ಉತ್ತರ ಕನ್ನಡದ ನಮ್ಮವರನ್ನ ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ರು. ಇವತ್ತಿಗೂ ಸಾಗರದ ಬಸ್ಸಲ್ಲಿ ಕಂಡಕ್ಟರ್ ನನಗೆ ಬೆರಳಲ್ಲಿ ದುಡ್ಡು ಎಣಿಸಿ ತೋರಿಸ್ತಾರೆ. 'ಚಿಲ್ಲರೆ ಇದೆ ಅಣ್ಣಾ, ಕೊಡ್ಲಾ?' ಅಂದ್ರೆ ಹಿಂದಿನ ಸೀಟಿನ ಅಮ್ಮ 'ಅಯ್ಯೋ, ಕನ್ನಡ ಎಷ್ಟು ಚೆನ್ನಾಗಿ ಮಾತಾಡ್ತಾಳೆ, ಯಾವಾಗ ಕಲಿತೆ ಮಗಳೇ?' ಅಂತಾರೆ. ಕೆಟ್ಟವರಲ್ಲ, ಬಾಳೆಹಣ್ಣೂ ಕೊಡ್ತಾರೆ. ಹೆಗ್ಗೋಡಿನ ನೀನಾಸಂನಲ್ಲಿ ಕಲಿತ ಪ್ರಶಾಂತ್ ಸಿದ್ದಿಯನ್ನ ಸಿನಿಮಾದಲ್ಲಿ ನೋಡಿದ ಮೇಲೆ 'ಅವರ ನೆಂಟರಾ?' ಅಂತ ಕೇಳೋರು ಸಿಗ್ತಾರೆ, ಅಷ್ಟು ಸುಧಾರಣೆ ಅನ್ನಿ.

ಒಂದೇ ಕೋರಿಕೆ. ಕ್ಯಾಂಪಿಗೆ ನಮ್ಮಂಥವರನ್ನ ಕರೆಸಿ ಮೈಕ್ ಕೊಟ್ಟು ಕಷ್ಟ ಹೇಳಿಸಬೇಡಿ. ಕರೆಯೋದಾದ್ರೆ ಅಕೌಂಟ್ಸ್ ಹೇಳಿಕೊಡೋಕೆ ಕರೀರಿ, ನಂದು ಎಂ.ಕಾಂ. ಆಗಿದೆ.

ತುಂಗೆ_ದಡ
ಅದಲು ಬದಲು ಕೈಬಿಟ್ಟೆ. ಚಪ್ಪಲಿ ಅಂಗಡಿ ತುಣುಕು ಮಾತ್ರ ತೋರಿಸ್ತೇನೆ. ಆಮೇಲೆ ಒಬ್ಬೊಬ್ಬರೂ ಒಂದು ಹೋಟೆಲಲ್ಲೋ ಮೆಡಿಕಲ್ ಶಾಪಲ್ಲೋ ಅರ್ಧ ಗಂಟೆ ನಿಂತು, ಯಾರಿಗೆ ಚಿಲ್ಲರೆ ಕೈಗೆ ಕೊಟ್ರು, ಯಾರಿಗೆ ಟೇಬಲ್ ಮೇಲೆ ಇಟ್ರು, ಯಾರನ್ನ 'ಬನ್ನಿ' ಅಂದ್ರು, ಯಾರನ್ನ 'ಬಾ' ಅಂದ್ರು, ಇಷ್ಟೇ ಬರ್ಕೊಂಡು ಬರಬೇಕು. ಅಭಿಪ್ರಾಯ ಬೇಡ. ಅಂಗಡಿ ಹೆಸರೂ ಬೇಡ, ಜಗಳ ತರ್ತಾರೆ.

ಯಲ್ಲಾಪುರದವರೇ, ನಮ್ಮಲ್ಲಿ ಟ್ಯಾಲಿ ಕಲಿಸೋರು ನಿಜವಾಗ್ಲೂ ಬೇಕಾಗಿದ್ದಾರೆ. ಸಂಬಳ ಕಮ್ಮಿ. ಮೆಸೇಜ್ ಮಾಡಿ.