ಎಸ್‌ಡಿ ಕಾರ್ಡ್ ಡ್ರೈವರ್‌ಗೆ ಟೈಮ್‌ಔಟ್ ಎಷ್ಟಿಡ್ತೀರಿ? ಅನುಭವ ಹೇಳಿ

ಎಸ್‌ಪಿಐ (ಚಿಪ್‌ಗಳ ನಡುವಿನ ಸರಳ ಸಂಪರ್ಕ) ಮೂಲಕ ಮೈಕ್ರೋಎಸ್‌ಡಿ ಕಾರ್ಡ್‌ಗೆ ಬರೆಯುವ ಡೇಟಾ ಲಾಗರ್ (ಸೆನ್ಸರ್ ಡೇಟಾ ದಾಖಲಿಸುವ ಸಾಧನ) ಮಾಡುತ್ತಿದ್ದೇನೆ. ಓದಲು, ಬರೆಯಲು ಎರಡಕ್ಕೂ 100 ಮಿಲಿಸೆಕೆಂಡ್ ಟೈಮ್‌ಔಟ್ ಇದೆ, ಅಂದರೆ ಕಾರ್ಡ್‌ಗಾಗಿ ಡ್ರೈವರ್ ಅಷ್ಟು ಹೊತ್ತು ಮಾತ್ರ ಕಾಯುತ್ತದೆ. ದಿನಕ್ಕೆ ಒಂದೆರಡು ಸಲ ಬರೆಯುವಾಗ ಎರರ್ ಬರುತ್ತದೆ. ಕಾರ್ಡ್ ಬದಲಿಸಿದರೂ ಅದೇ ಕಥೆ. ಎಷ್ಟಿಟ್ಟರೆ ಸರಿ?

ಉತ್ತರ 1

ಕಾರ್ಡ್ ಕೆಟ್ಟಿಲ್ಲ ಅನಿಸುತ್ತದೆ, ನಿಮ್ಮ ಡ್ರೈವರ್ ಬೇಗ ಕೈಬಿಡುತ್ತಿದೆ. ಎಸ್‌ಡಿ ಸ್ಪೆಕ್ (ಈ ಕಾರ್ಡ್‌ಗಳ ಅಧಿಕೃತ ಮಾನದಂಡ) ನೋಡಿ: ಎಸ್‌ಡಿಎಚ್‌ಸಿ (32 ಜಿಬಿವರೆಗಿನ) ಕಾರ್ಡ್ ಓದಲು 100 ಮಿ.ಸೆ. ತಗೊಳ್ಳಬಹುದು, ಬರೆಯಲು 250. ಎಸ್‌ಡಿಎಕ್ಸ್‌ಸಿ (32 ಜಿಬಿಗಿಂತ ದೊಡ್ಡದು) ಆದರೆ ಬರೆಯಲು 500. ಸಾಮಾನ್ಯವಾಗಿ ಕೆಲವೇ ಮಿಲಿಸೆಕೆಂಡಲ್ಲಿ ಮುಗಿಯುತ್ತದೆ, ಅದಕ್ಕೇ ಮೇಜಿನ ಮೇಲೆ ಟೆಸ್ಟ್ ಮಾಡುವಾಗ ಏನೂ ಗೊತ್ತಾಗುವುದಿಲ್ಲ. ಆದರೆ ಫ್ಲ್ಯಾಶನ್ನು ದೊಡ್ಡ ದೊಡ್ಡ ಬ್ಲಾಕ್‌ಗಳಾಗಿಯೇ ಅಳಿಸಬೇಕು, ಹಾಗಾಗಿ ಕಾರ್ಡ್ ಆಗಾಗ ಒಳಗಿನ ಹಳೇ ಡೇಟಾ ಬೇರೆ ಕಡೆ ಸಾಗಿಸಿ ಜಾಗ ಮಾಡಿಕೊಳ್ಳುತ್ತದೆ, ನಿಮ್ಮ ಬರಹ ಆ ಹೊತ್ತಿಗೆ ಬಂದರೆ ಕಾಯಲೇಬೇಕು.

ನಾನೂ ಒಮ್ಮೆ ಸ್ಪೆಕ್ ನಂಬಿ ಸರಿಯಾಗಿ 250 ಇಟ್ಟಿದ್ದೆ. ತಿಂಗಳುಗಟ್ಟಲೆ ಓಡಿ ತುಂಬುತ್ತಾ ಬಂದ ಕಾರ್ಡ್‌ಗಳಲ್ಲಿ ಮತ್ತೆ ಎರರ್ ಶುರುವಾಯಿತು. ಆಮೇಲೆ ಲಿನಕ್ಸ್ ಕರ್ನಲ್ ಕೋಡ್ ತೆಗೆದು ನೋಡಿದರೆ, ಅಲ್ಲಿ ಬರೆಯಲು 3 ಸೆಕೆಂಡ್ ಕೊಟ್ಟಿದ್ದಾರೆ, ಹಿಂದೆ ಇದ್ದ 300 ಮಿ.ಸೆ. ಕೆಲವು ಕಾರ್ಡ್‌ಗೆ ಸಾಲುತ್ತಿರಲಿಲ್ಲ ಅಂತ ಕಾಮೆಂಟ್ ಕೂಡ ಇದೆ. ಆರ್ಡುಯಿನೋ ಎಸ್‌ಡಿ ಲೈಬ್ರರಿಯಲ್ಲಿ ಓದಲು 300, ಬರೆಯಲು 600, ಶುರುವಿಗೆ 2000, ಅಳಿಸಲು 10,000 ಮಿ.ಸೆ. ಇದೆ. ನಾನೀಗ ಓದಲು 300, ಬರೆಯಲು 1 ಸೆಕೆಂಡ್, ಶುರುವಿಗೆ 2 ಸೆಕೆಂಡ್ ಇಡುತ್ತೇನೆ. ಜಾಸ್ತಿ ಇಟ್ಟರೆ ನಿಧಾನ ಆಗುತ್ತೆ ಅಂತ ಹೆದರಬೇಡಿ. ಕಾರ್ಡ್ ಸಿದ್ಧವಾದ ಕೂಡಲೇ ನೀವು ಮುಂದೆ ಹೋಗುತ್ತೀರಿ ಅಲ್ವಾ? ಪೂರ್ತಿ ಹೊತ್ತು ಕಾಯುವುದು ಕಾರ್ಡ್ ನಿಜಕ್ಕೂ ಸತ್ತಾಗ ಮಾತ್ರ.

ಉತ್ತರ 2

ಮೇಲಿನವರು ಹೇಳಿದ್ದು ಸರಿ. ಜೊತೆಗೆ, ಟೈಮ್‌ಔಟನ್ನು ಲೂಪ್ ಎಣಿಸಿ (ಗಡಿಯಾರ ನೋಡದೆ, ಕೋಡ್ ಎಷ್ಟು ಸುತ್ತು ಓಡಿತು ಅಂತ ಲೆಕ್ಕ ಹಾಕಿ) ಮಾಡಿದ್ದೀರಾ ನೋಡಿ. ನಮ್ಮ ಹಳೇ ಕೋಡಲ್ಲಿ ಹಾಗಿತ್ತು, ಪ್ರಾಸೆಸರ್ ಕ್ಲಾಕ್ ಏರಿಸಿದ ದಿನವೇ ಟೈಮ್‌ಔಟ್ ಅರ್ಧಕ್ಕಿಳಿಯಿತು, ಕಾರಣ ಹುಡುಕಲು ಒಂದು ವಾರ ಹೋಯಿತು. ಟೈಮರ್ ಟಿಕ್ (ಚಿಪ್‌ನ ಟೈಮರ್ ಕೊಡುವ ನಿಜ ಸಮಯದ ಎಣಿಕೆ) ಬಳಸಿ. ಆರ್‌ಟಿಓಎಸ್ (ಹಲವು ಟಾಸ್ಕ್‌ಗಳನ್ನು ಸರದಿಯಲ್ಲಿ ಓಡಿಸುವ ಪುಟ್ಟ ಆಪರೇಟಿಂಗ್ ಸಿಸ್ಟಮ್) ಇದ್ದರೆ ಸಮಯ ಮುಗಿದ ಮೇಲೂ ಕಾರ್ಡನ್ನು ಇನ್ನೊಮ್ಮೆ ಕೇಳಿ, ಆಮೇಲಷ್ಟೇ ಎರರ್ ಕೊಡಿ. ಮಧ್ಯದಲ್ಲಿ ಬೇರೆ ಟಾಸ್ಕ್ ಓಡಿ ಸಮಯ ತಿಂದಿರಬಹುದು.

ವಾಚ್‌ಡಾಗ್ (ಕೋಡ್ ಸಿಕ್ಕಿಹಾಕಿಕೊಂಡರೆ ಬೋರ್ಡ್ ರೀಸೆಟ್ ಮಾಡುವ ಟೈಮರ್) ಎಷ್ಟಿದೆ? ಅದು 500 ಮಿ.ಸೆ. ಇದ್ದು ನೀವು ಸುಮ್ನೆ 1 ಸೆಕೆಂಡ್ ಕಾಯುತ್ತಾ ಕೂತರೆ ಬೋರ್ಡ್ ಬರೆಯುತ್ತಿರುವಾಗಲೇ ರೀಸೆಟ್ ಆಗುತ್ತದೆ, ಫ್ಯಾಟ್ ಟೇಬಲ್ (ಕಾರ್ಡಲ್ಲಿ ಯಾವ ಫೈಲ್ ಎಲ್ಲಿದೆ ಅಂತ ಹೇಳುವ ಪಟ್ಟಿ) ಹಾಳಾಗುವುದು ಹೀಗೆಯೇ. ಕಾಯುವ ಹೊತ್ತಿನ ಸೆನ್ಸರ್ ಡೇಟಾ ಹಿಡಿಯುವಷ್ಟು ಬಫರ್ ಕೂಡ ಬೇಕು.

ಕೇಳಿದವರು

ಲೂಪ್ ಎಣಿಕೆಯೇ ಇತ್ತು! ಟಿಕ್‌ಗೆ ಬದಲಿಸಿ ಬರೆಯಲು 1 ಸೆಕೆಂಡ್ ಇಟ್ಟೆ, ಪ್ರತಿ ಬರಹಕ್ಕೆ ಹಿಡಿದ ಸಮಯವನ್ನೂ ಲಾಗ್ ಮಾಡಿದೆ. ನಾಲ್ಕು ದಿನ ಎರರ್ ಇಲ್ಲ. ಅತಿ ಹೆಚ್ಚು ಹಿಡಿದದ್ದು 218 ಮಿ.ಸೆ. ಬಫರ್ ಈಗ ದೊಡ್ಡದು ಮಾಡುತ್ತಿದ್ದೇನೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್.